ಕಾರ್ಪೆಟ್ ತೊಳೆದ ಮೇಲೆ ಉಬ್ಬಸ ಜಾಸ್ತಿಯಾಯಿತೇ? ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ನಾವಿರುವುದು ಬೆಂಗಳೂರಿನ ಹಳೇ ಬಡಾವಣೆಯೊಂದರ ನೆಲಮಹಡಿ ಮನೆಯಲ್ಲಿ. ರೆಡ್ ಆಕ್ಸೈಡ್ ನೆಲ, ಮಲಗುವ ಕೋಣೆಗೆ ಒಂದೇ ಕಿಟಕಿ. ಮಗಳಿಗೆ 9 ವರ್ಷ, ಉಬ್ಬಸ ಇದೆ. ಆಗಸ್ಟ್‌ನಲ್ಲಿ, ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ, ಅವಳ ಮಂಚದ ಪಕ್ಕದ ಕಾರ್ಪೆಟ್ಟಿಗೆ ಶಾಂಪೂ ಹಾಕಿ ಚೆನ್ನಾಗಿ ತೊಳೆದೆವು. ಧೂಳು ಹೋದರೆ ಮಗುವಿಗೆ ಒಳ್ಳೆಯದು ಅಂತಲೇ ತೊಳೆದಿದ್ದು. ಎರಡು ದಿನ ಫ್ಯಾನ್ ಕೆಳಗೆ ಒಣಗಿಸಿ ಮತ್ತೆ ಹಾಸಿದೆವು.

ಹತ್ತು ದಿನ ಆಗಿರಲಿಲ್ಲ, ಅವಳು ದಿನಾ ರಾತ್ರಿ 3 ಗಂಟೆಗೆ ಎದ್ದು ಕೂರತೊಡಗಿದಳು. ಮೊದಲು ಒಣ ಕೆಮ್ಮು, ಆಮೇಲೆ ಎದೆಯಲ್ಲಿ ಸುಂಯ್ ಅನ್ನುವ ಸದ್ದು. ಒಂದು ರಾತ್ರಿ ಅವಳಿಗೆ ಇನ್‌ಹೇಲರ್ ಕೊಟ್ಟು, ಅಲ್ಲೇ ನೆಲದ ಮೇಲೆ ಕೂತು ಕಾರ್ಪೆಟ್ಟಿನ ಮೂಲೆ ಎತ್ತಿ ನೋಡಿದೆ. ಮೇಲೆ ಮುಟ್ಟಿದರೆ ಒಣಗಿದೆ. ಹಿಂಬದಿಯ ಸೆಣಬಿನ ಬಟ್ಟೆ ಮಾತ್ರ ಬೆರಳಿಗೆ ತಣ್ಣಗೆ ಅಂಟಿತು. ಮೂಗಿಗೆ ಹಿಡಿದರೆ ಮಳೆಗಾಲದಲ್ಲಿ ಒಣಗದ ಸ್ಕೂಲ್ ಯೂನಿಫಾರ್ಮಿನ ವಾಸನೆ. ಕೆಳಗಿನ ನೆಲ ಕಾರ್ಪೆಟ್ಟಿನ ಅಳತೆಗೇ ಕಪ್ಪಗಾಗಿತ್ತು.

ಧೂಳು ಒಂದೇ ಶತ್ರು ಅಂದುಕೊಂಡಿದ್ದು ನಮ್ಮ ತಪ್ಪು. ಧೂಳಿಗಿಂತ ಮುಂಚೆ ನೋಡಬೇಕಾದದ್ದು ತೇವ. ಅದನ್ನು ಹೇಗೆ ಪತ್ತೆ ಮಾಡುವುದು, ಪತ್ತೆಯಾದ ಮೇಲೆ ಏನು ಮಾಡುವುದು ಅನ್ನುವುದನ್ನು ನಾವು ಮಾಡಿದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು

ಉಸಿರಿಗೆ ಕಷ್ಟಪಡುತ್ತಾ ಒಂದು ವಾಕ್ಯ ಪೂರ್ತಿ ಹೇಳಲು ಆಗುತ್ತಿಲ್ಲವೇ? ಉಸಿರೆಳೆದಾಗ ಪಕ್ಕೆಲುಬಿನ ಮಧ್ಯೆ, ಕತ್ತಿನ ಬುಡದಲ್ಲಿ ಚರ್ಮ ಒಳಕ್ಕೆ ಹೋಗುತ್ತಿದೆಯೇ? ತುಟಿ ನೀಲಿಯಾಗಿದೆಯೇ? ಇನ್‌ಹೇಲರ್ ಕೊಟ್ಟರೂ ಸುಧಾರಿಸುತ್ತಿಲ್ಲವೇ? ಹಾಗಿದ್ದರೆ ಈ ಹುಡುಕಾಟ ಬಿಟ್ಟು ಆಸ್ಪತ್ರೆಗೆ ಹೋಗಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು. ಮನೆ ಪರೀಕ್ಷೆ ಮಾಡುವ ದಿನಗಳಲ್ಲಿ ಡಾಕ್ಟರು ಬರೆದುಕೊಟ್ಟ ದಿನದ ಇನ್‌ಹೇಲರನ್ನು ನಿಲ್ಲಿಸಬೇಡಿ. "ಕಾರ್ಪೆಟ್ ತೆಗೆದಿದ್ದೇವಲ್ಲ, ಇನ್ನು ಔಷಧಿ ಯಾಕೆ" ಅನ್ನುವ ಮಾತು ನಮ್ಮ ಮನೆಯಲ್ಲೂ ಬಂದಿತ್ತು. ಮನೆ ಸರಿ ಮಾಡುವ ಕೆಲಸ ಔಷಧಿಯ ಜೊತೆಗೆ ನಡೆಯಬೇಕು.

ಹೊತ್ತು ಬರೆದಿಡಿ

ಎರಡು ವಾರ ಒಂದು ನೋಟ್‌ಬುಕ್ ಇಡಿ. ಕೆಮ್ಮು ಅಥವಾ ಸೀನು ಬಂದ ಗಂಟೆ, ಆಗ ಇದ್ದ ಕೋಣೆ, ಅದಕ್ಕೆ ಹಿಂದಿನ ಒಂದು ಗಂಟೆಯಲ್ಲಿ ಮನೆಯಲ್ಲಿ ಏನು ನಡೆದಿತ್ತು, ಇಷ್ಟೇ ಸಾಕು. ನಮ್ಮ ಪುಸ್ತಕದಲ್ಲಿ ಇದ್ದದ್ದು ಹೀಗೆ: "ಭಾನುವಾರ ಬೆಳಿಗ್ಗೆ 11, ಹಾಲ್, ಅಟ್ಟದಿಂದ ಕೌದಿ ಇಳಿಸಿದ್ದು, ಸೀನು." "ಮಂಗಳವಾರ ರಾತ್ರಿ 3, ಮಂಚ, ಏನೂ ಇಲ್ಲ, ಕೆಮ್ಮು."

ಸಾಧ್ಯವಾದರೆ ಒಂದು ಪೀಕ್ ಫ್ಲೋ ಮೀಟರ್ ತನ್ನಿ, ಉಸಿರನ್ನು ಎಷ್ಟು ಜೋರಾಗಿ ಹೊರಗೆ ಊದಬಲ್ಲೆವು ಎಂದು ಅಳೆಯುವ ಸಾಧನ ಅದು. ಬೆಳಿಗ್ಗೆ, ಸಂಜೆ ಮೂರು ಸಲ ಜೋರಾಗಿ ಊದಿಸಿ, ಮೂರರಲ್ಲಿ ಹೆಚ್ಚಿನದನ್ನು ಬರೆದುಕೊಳ್ಳಿ. ಚೆನ್ನಾಗಿದ್ದ ದಿನಗಳಲ್ಲಿ ಬಂದ ಅತಿ ಹೆಚ್ಚಿನ ಅಂಕಿಯೇ ಅಳತೆಗೋಲು. ಅದರ ಶೇ. 80ಕ್ಕಿಂತ ಕೆಳಗೆ ಬಂದರೆ ಎಚ್ಚರ ಬೇಕು. ಶೇ. 50ಕ್ಕಿಂತ ಕೆಳಗಿಳಿದರೆ ಕೂಡಲೇ ಡಾಕ್ಟರ ಹತ್ತಿರ ಹೋಗಬೇಕು. ಮಗು ಬಾಯಲ್ಲಿ "ಚೆನ್ನಾಗಿದ್ದೀನಿ" ಅಂದರೂ ಈ ಅಂಕಿ ಒಂದು ದಿನ ಮುಂಚೆಯೇ ಇಳಿದಿರುವುದನ್ನು ನಾನು ನೋಡಿದ್ದೇನೆ.

ಒಂದು ಕಡೆ ಹುಷಾರಾಗಿರಿ. ಉಬ್ಬಸ ಇರುವವರಿಗೆ ಬೆಳಗಿನ ಜಾವ ಶ್ವಾಸನಾಳ ತಾನಾಗಿಯೇ ಸ್ವಲ್ಪ ಬಿಗಿಯುತ್ತದೆ. ಹಾಗಾಗಿ ರಾತ್ರಿ ಕೆಮ್ಮು ಬಂತು ಅನ್ನುವುದಷ್ಟರಿಂದಲೇ ಹಾಸಿಗೆಯದೋ ಕಾರ್ಪೆಟ್ಟಿನದೋ ತಪ್ಪು ಎಂದು ತೀರ್ಮಾನಿಸಬೇಡಿ. ಅದೇ ಮಗು ಬೇರೆ ಮನೆಯಲ್ಲಿ ಒಂದೆರಡು ವಾರ ಮಲಗಿದಾಗ ಹೇಗಿರುತ್ತದೆ ಎಂದು ಹೋಲಿಸಿ ನೋಡಬೇಕು.

ಹೊತ್ತು ಏನು ಹೇಳುತ್ತದೆ

ಗುಡಿಸುವಾಗ, ಹಾಸಿಗೆ ಕೊಡವುವಾಗ ಸೀನು ಶುರುವಾಗಿ ಮುಕ್ಕಾಲು ಗಂಟೆಯಲ್ಲಿ ತಗ್ಗಿದರೆ ಅದು ಕೂತ ಧೂಳಿನ ಕೆಲಸ. ಅದರಲ್ಲೂ ನುಸಿಯ ಮೇಲೆ ಅನುಮಾನ ಪಡಿ. ಡಾಕ್ಟರು ಇದನ್ನು ಡಸ್ಟ್ ಮೈಟ್ ಎನ್ನುತ್ತಾರೆ. ನಮ್ಮ ತೆಂಗಿನ ತೋಟಗಳಿಗೆ ಬಂದ ನುಸಿಯ ದೂರದ ನೆಂಟ ಇದು. ಉದ್ದ ಕಾಲು ಮಿಲಿಮೀಟರಿನಷ್ಟು, ಎಂಟು ಕಾಲು, ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಇದಕ್ಕೆ ಊಟ. ಕಚ್ಚುವುದಿಲ್ಲ. ಇದರ ಹಿಕ್ಕೆಯೇ ತೊಂದರೆ. ಮನೆ ಧೂಳಿನಲ್ಲಿರುವ ಅಲರ್ಜಿಯ ಮೂಲ ಈ ನುಸಿ ಎಂದು 1964ರಲ್ಲಿ ನೆದರ್‌ಲೆಂಡ್ಸ್‌ನ ಲೈಡನ್‌ನಲ್ಲಿ ಕಂಡುಕೊಂಡರು. ಹಿಕ್ಕೆಯ ಕಣ ಭಾರ. ಕದಡಿದಾಗ ಮೇಲೇಳುತ್ತದೆ, ಅರ್ಧ ಗಂಟೆಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಕೆಳಗೆ ಕೂರುತ್ತದೆ. ಸೀನು ಬೇಗ ಬಂದು ಬೇಗ ತಗ್ಗುವುದು ಅದಕ್ಕೇ.

ಸಂಜೆ 6ರಿಂದ 8ರ ನಡುವೆ ಜಾಸ್ತಿ ಆಗುತ್ತಿದ್ದರೆ ಕಾರ್ಪೆಟ್ ಬಿಟ್ಟು ಹೊಗೆ ಹುಡುಕಿ. ದೇವರ ಮನೆಯ ಊದುಬತ್ತಿ, ಸಾಂಬ್ರಾಣಿ, ಒಗ್ಗರಣೆಯ ಘಾಟು, ಎಲ್ಲಕ್ಕಿಂತ ಕೆಟ್ಟದಾಗಿ ಸೊಳ್ಳೆ ಬತ್ತಿ. ಒಂದು ಸೊಳ್ಳೆ ಬತ್ತಿ ಪೂರ್ತಿ ಉರಿದರೆ ಬರುವ ಸೂಕ್ಷ್ಮ ಕಣ 75ರಿಂದ 137 ಸಿಗರೇಟಿಗೆ ಸಮ ಎಂದು ಅಳೆದು ನೋಡಿದವರಿದ್ದಾರೆ. ಮಲಗುವ ಕೋಣೆಯ ಬಾಗಿಲು ಹಾಕಿ ಅದನ್ನು ಹಚ್ಚಿಡುವ ಮನೆಗಳು ಇನ್ನೂ ಎಷ್ಟೋ ಇವೆ. ದಯವಿಟ್ಟು ಸೊಳ್ಳೆ ಪರದೆ ಕಟ್ಟಿ. ಪರದೆಯನ್ನೂ ಆಗಾಗ ಒಗೆಯಿರಿ.

ಬೆಕ್ಕಿರುವ ಮನೆಗೆ ಹೋದಾಗ ಜಾಸ್ತಿಯಾಗಿ, ಅಲ್ಲಿಂದ ಬಂದ ಮೇಲೂ ಎಳೆದರೆ ಅದು ಬೇರೆ ಕಥೆ. ಬೆಕ್ಕಿನ ಅಲರ್ಜಿ ಕಣ ಬಹಳ ಹಗುರ, ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ, ಬಟ್ಟೆಗೆ ಅಂಟಿಕೊಂಡು ಮನೆಗೂ ಬರುತ್ತದೆ. ಅಡುಗೆಮನೆಯಲ್ಲಿ, ಸಿಂಕಿನ ಕೆಳಗಿನ ಕಪಾಟು ತೆಗೆದಾಗ ಬಂದರೆ ಜಿರಲೆ. ಹೊರಗೆ ಖಾಲಿ ಸೈಟಿನ ಪಕ್ಕ ಆಡಿ ಬಂದಾಗ ಕಣ್ಣು, ಮೂಗು ತುರಿಸಿದರೆ ಕಾಂಗ್ರೆಸ್ ಗಿಡದ ಪರಾಗವೂ ಇರಬಹುದು.

ತೇವದ ಪರೀಕ್ಷೆ

ಇಲ್ಲಿ ಸ್ವಲ್ಪ ಹೊತ್ತು ಕೊಡಿ. ನಮ್ಮ ಮನೆಯ ದೋಷ ಸಿಕ್ಕಿದ್ದು ಇಲ್ಲೇ.

ನುಸಿ ನೀರು ಕುಡಿಯುವುದಿಲ್ಲ. ಗಾಳಿಯಲ್ಲಿರುವ ತೇವವನ್ನೇ ಮೈಗೆ ಎಳೆದುಕೊಂಡು ಬದುಕುತ್ತದೆ. ಕೋಣೆಯ ಸಾಪೇಕ್ಷ ತೇವಾಂಶ ಶೇ. 50ಕ್ಕಿಂತ ಕೆಳಗೆ ವಾರಗಟ್ಟಲೆ ಇದ್ದರೆ ಒಣಗಿ ಸಾಯುತ್ತಾ ಬರುತ್ತದೆ. ಶೇ. 60 ದಾಟಿ ನಿಂತರೆ ನುಸಿಗೂ ಸುಗ್ಗಿ, ಬೂಷ್ಟಿಗೂ ಸುಗ್ಗಿ. ಹಾಗಾಗಿ ಗಾಳಿಯ ತೇವಾಂಶ ಅಳೆಯುವ ಒಂದು ಡಿಜಿಟಲ್ ಹೈಗ್ರೋಮೀಟರ್ ಬೇಕು. ಕೆಲವು ನೂರು ರೂಪಾಯಿಗೆ ಸಿಗುತ್ತದೆ.

ತಂದ ಕೂಡಲೇ ಅದು ಸರಿ ಇದೆಯೇ ನೋಡಿ. ಬಾಟಲಿ ಮುಚ್ಚಳದಲ್ಲಿ ಒಂದು ಚಮಚ ಅಡುಗೆ ಉಪ್ಪು ಹಾಕಿ, ನಾಲ್ಕು ಹನಿ ನೀರು ಬಿಟ್ಟು ಒದ್ದೆ ಮರಳಿನ ಹದಕ್ಕೆ ಕಲಸಿ. ಉಪ್ಪು ಕರಗಿ ನೀರಾಗಬಾರದು. ಆ ಮುಚ್ಚಳವನ್ನೂ ಮೀಟರನ್ನೂ ಗಾಳಿ ಆಡದ ಡಬ್ಬಿಯಲ್ಲಿಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ 75 ತೋರಿಸಬೇಕು. ನಮ್ಮದು 71 ತೋರಿಸಿತು. ಅಂದಿನಿಂದ ಅದು ಹೇಳಿದ್ದಕ್ಕೆ 4 ಸೇರಿಸಿ ಓದುತ್ತೇವೆ.

ಆಮೇಲೆ ಮೂರು ದಿನ ಕೋಣೆಯಲ್ಲಿ, ಮಂಚದ ಎತ್ತರದಲ್ಲಿಡಿ. ಬೆಳಿಗ್ಗೆ, ಮಧ್ಯಾಹ್ನ, ಮಲಗುವ ಮುಂಚೆ ಬರೆದುಕೊಳ್ಳಿ. ನಾಲ್ಕನೇ ರಾತ್ರಿ ಕಾರ್ಪೆಟ್ಟಿನ ಒಂದು ಮೂಲೆ ಮಡಚಿ, ಆ ಮಡಿಕೆಯೊಳಗೆ ನೆಲಕ್ಕೆ ತಾಗುವಂತೆ ಮೀಟರ್ ಇಡಿ. ನಮ್ಮ ಕೋಣೆಯಲ್ಲಿ 66 ಇತ್ತು. ಮಡಿಕೆಯೊಳಗೆ 84. ಒಂದೇ ಕೋಣೆಯಲ್ಲಿ ಎರಡು ಹವೆ! ಮೇಲೆ ಮಲಗಿದ ನಮಗೆ ಗೊತ್ತಾಗದ ಮಳೆಗಾಲ ಕೆಳಗೆ ನಡೆಯುತ್ತಿತ್ತು.

ಈ ತೇವ ಬರೀ ತೊಳೆದ ನೀರೋ, ನೆಲದಿಂದ ಏರುತ್ತಿರುವುದೋ ಎಂದು ತಿಳಿಯಲು ಇನ್ನೊಂದು ಪರೀಕ್ಷೆ ಇದೆ. ಕಾರ್ಪೆಟ್ ಎತ್ತಿ, ನೆಲ ಎರಡು ದಿನ ಒಣಗಲಿ. ಆಮೇಲೆ ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ. ಮಾರನೇ ದಿನ ಬಿಚ್ಚಿ. ಹಾಳೆಯ ಅಡಿಯಲ್ಲಿ ಹನಿ ಕಟ್ಟಿದ್ದರೆ ಅಥವಾ ನೆಲ ಕಪ್ಪಗಾಗಿದ್ದರೆ ನೀರು ಕೆಳಗಿನಿಂದ ಬರುತ್ತಿದೆ. ಹಾಳೆಯ ಮೇಲ್ಗಡೆ ಹನಿ ಇದ್ದರೆ ಕೋಣೆಯ ಗಾಳಿಯದೇ ತೇವ ಜಾಸ್ತಿ. ಟೈಲ್ಸ್ ನೆಲದಲ್ಲಿ ಸಂದುಗಳ ಮೇಲೆ ಬರುವಂತೆ ಅಂಟಿಸಿ, ಯಾಕೆಂದರೆ ಟೈಲ್ ತೇವ ಬಿಡುವುದಿಲ್ಲ. ನಮ್ಮ ಹಾಳೆಯ ಅಡಿ ಹನಿ ಸಾಲಾಗಿ ನಿಂತಿತ್ತು, ಮಗಳು ಎಣಿಸಲು ಕೂತಿದ್ದಳು.

ನೆಲದಿಂದ ತೇವ ಏರುವ ಕೋಣೆಯಲ್ಲಿ ಎಷ್ಟು ತೊಳೆದರೂ, ಎಂಥ ಒಳ್ಳೆ ಕಾರ್ಪೆಟ್ ತಂದರೂ ದೋಷ ಹೋಗುವುದಿಲ್ಲ. ಅಲ್ಲಿ ಕಾರ್ಪೆಟ್ ಬೇಡ. ಮಂಗಳೂರು, ಕಾರವಾರದ ಕಡೆಯಂತೂ ಗಾಳಿಯೇ ವರ್ಷದ ಬಹುಪಾಲು ಒದ್ದೆ. ಉಬ್ಬಸದವರ ಕೋಣೆಗೆ ಅಲ್ಲಿ ಕಾರ್ಪೆಟ್ ಹಾಸುವ ಯೋಚನೆಯನ್ನೇ ಬಿಡುವುದು ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ತೊಳೆದ ಮೇಲೆ ಯಾಕೆ ಹದಗೆಟ್ಟಿತು

ಶಾಂಪೂ ನೀರು ಎಳೆಗಳನ್ನು ದಾಟಿ ಹಿಂಬದಿಯ ಬಟ್ಟೆಗೆ ಇಳಿಯುತ್ತದೆ. ಮೇಲ್ಗಡೆ ಫ್ಯಾನಿಗೆ ಒಣಗುತ್ತದೆ, ಹಿಂಬದಿ ಒಣಗುವುದಿಲ್ಲ. ಒದ್ದೆಯಾದದ್ದು 24 ಗಂಟೆಯಲ್ಲಿ, ತೀರಾ ತಡ ಅಂದರೆ 48 ಗಂಟೆಯಲ್ಲಿ ಪೂರ್ತಿ ಒಣಗದಿದ್ದರೆ ಬೂಷ್ಟು ಹಿಡಿಯಲು ಶುರು. ಸಾಲದ್ದಕ್ಕೆ ಉಳಿದ ಸೋಪು ಅಂಟಂಟಾಗಿ ಇನ್ನಷ್ಟು ಕೊಳೆ ಹಿಡಿಯುತ್ತದೆ. ಹಾಗಾಗಿ ಕಾರ್ಪೆಟ್ ತೊಳೆಯುವುದಿದ್ದರೆ ಮಾರ್ಚ್, ಏಪ್ರಿಲ್‌ನಲ್ಲಿ ತೊಳೆಯಿರಿ. ಶ್ರಾವಣದಲ್ಲಿ ಮುಟ್ಟಬೇಡಿ. ಮಳೆಗಾಲದಲ್ಲಿ ಏನಾದರೂ ಚೆಲ್ಲಿದರೆ ಒಣ ಬಟ್ಟೆ ಒತ್ತಿ ಹೀರಿಸಿ, ಎರಡೂ ಬದಿಗೆ ಗಾಳಿ ಆಡುವಂತೆ ಕುರ್ಚಿಗಳ ಮೇಲೆ ಹರಡಿ.

ನಮ್ಮ ಊರುಗಳಲ್ಲಿ ಇದಕ್ಕೆಲ್ಲ ದೊಡ್ಡ ಔಷಧಿ ಬಿಸಿಲು. ಏಪ್ರಿಲ್ ಬಿಸಿಲಿಗೆ ಕಾದ ತಾರಸಿಯ ಮೇಲೆ ಕಾರ್ಪೆಟ್ಟನ್ನು ಮುಖ ಕೆಳಗಾಗಿ ನಾಲ್ಕೈದು ಗಂಟೆ ಹಾಸಿ. ಕಾದ ಕಾಂಕ್ರೀಟು ಮತ್ತು ಒಣಹವೆ ಎರಡೂ ಸೇರಿ ನುಸಿಯನ್ನು ಕೊಲ್ಲುತ್ತವೆ. ಆದರೆ ಒಂದು ಮರೆಯಬೇಡಿ. ಬಿಸಿಲು ನುಸಿಯನ್ನು ಕೊಲ್ಲುತ್ತದೆ, ಹಿಕ್ಕೆಯನ್ನು ತೆಗೆಯುವುದಿಲ್ಲ. ಅಲರ್ಜಿ ಬರಿಸುವ ವಸ್ತು ಹಾಗೇ ಉಳಿದಿರುತ್ತದೆ. ಬಿಸಿಲಾದ ಮೇಲೆ ತಾರಸಿಯ ಕಟ್ಟೆಗೆ ನೇತುಹಾಕಿ ಕೋಲಿನಿಂದ ಎರಡೂ ಬದಿ ಬಡಿಯಬೇಕು. ಬಡಿಯುವವರು ಉಬ್ಬಸ ಇಲ್ಲದವರಾಗಿರಲಿ, ಮಾಸ್ಕ್ ಹಾಕಿರಲಿ, ಗಾಳಿ ಬರುವ ಕಡೆಗೆ ಬೆನ್ನು ಮಾಡಿ ನಿಲ್ಲಲಿ.

ವ್ಯಾಕ್ಯೂಮ್ ಕ್ಲೀನರ್ ಸರಿ ಇದೆಯೇ

ರಾತ್ರಿ ದೀಪ ಆರಿಸಿ, ಮೆಷಿನ್ ಹಾಕಿ, ಅದರ ಹಿಂದೆ ಗಾಳಿ ಹೊರಬರುವ ಕಡೆ ಟಾರ್ಚ್ ಬಿಟ್ಟು ನೋಡಿ. ಬೆಳಕಿನ ಕೋಲಿನಲ್ಲಿ ಧೂಳು ಕುಣಿಯುತ್ತಿದ್ದರೆ ಅದು ಕಾರ್ಪೆಟ್ಟಿನ ಧೂಳನ್ನು ನಿಮ್ಮ ಮೂಗಿನ ಎತ್ತರಕ್ಕೆ ಏರಿಸುವ ಯಂತ್ರ, ಅಷ್ಟೇ. ಹೆಪಾ ಫಿಲ್ಟರ್ ಇರುವ, ಸಂದುಗಳಲ್ಲಿ ಸೋರದ ಮೆಷಿನ್ ಬೇಕು. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ. 99.97ರಷ್ಟನ್ನು ಹಿಡಿಯುವುದಕ್ಕೇ ಹೆಪಾ ಎನ್ನುವುದು. ವಾರಕ್ಕೆ ಎರಡು ಸಲ ನಿಧಾನವಾಗಿ ಎಳೆಯಿರಿ. ಜೀವಂತ ನುಸಿ ಎಳೆಗೆ ಕಾಲು ಕಚ್ಚಿಕೊಂಡಿರುತ್ತದೆ, ಅದು ಬರುವುದಿಲ್ಲ. ಹಿಕ್ಕೆ, ಚರ್ಮದ ಹೊಟ್ಟು ಬರುತ್ತವೆ. ಆ ಹೊತ್ತಿಗೆ ಮಗು ಬೇರೆ ಕೋಣೆಯಲ್ಲಿರಲಿ, ಮುಗಿದು ಅರ್ಧ ಮುಕ್ಕಾಲು ಗಂಟೆ ಆದ ಮೇಲೆ ಬರಲಿ. ಬರೀ ನೆಲವಾದರೆ ಒಣ ಪೊರಕೆಗಿಂತ ಒದ್ದೆ ಬಟ್ಟೆಯಲ್ಲಿ ಒರೆಸುವುದು ಮೇಲು, ಅದೂ ಫ್ಯಾನ್ ಆರಿಸಿ.

ಗಾಳಿ ಶುದ್ಧ ಮಾಡುವ ಪ್ಯೂರಿಫೈಯರ್ ಹಸಿರು ದೀಪ ತೋರಿಸುತ್ತಿದೆ, ಆದರೂ ಕೆಮ್ಮು

ಇದು ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಆ ದೀಪ ತೋರಿಸುವುದು ಪಿಎಂ 2.5, ಅಂದರೆ 2.5 ಮೈಕ್ರಾನ್‌ಗಿಂತ ಚಿಕ್ಕ ಕಣಗಳ ಲೆಕ್ಕ. ನುಸಿಯ ಹಿಕ್ಕೆ 10ರಿಂದ 40 ಮೈಕ್ರಾನ್. ಅದು ಲೆಕ್ಕಕ್ಕೇ ಬರುವುದಿಲ್ಲ. ಜೊತೆಗೆ ಅದು ಗಾಳಿಯಲ್ಲಿ ಉಳಿಯುವುದೂ ಇಲ್ಲ. ದಿಂಬಿನಲ್ಲಿ, ಮೂಗಿನಿಂದ ನಾಲ್ಕು ಬೆರಳು ದೂರದಲ್ಲಿ ಇರುತ್ತದೆ. ಕೋಣೆಯ ಮೂಲೆಯ ಮೆಷಿನ್ ಅಲ್ಲಿಗೆ ಕೈ ಚಾಚಲಾರದು. ಹೊಗೆ, ಬೆಕ್ಕಿನ ಕಣ, ಪರಾಗ ಇವಕ್ಕೆ ಹೆಪಾ ಪ್ಯೂರಿಫೈಯರ್ ನಿಜವಾಗಿ ನೆರವಾಗುತ್ತದೆ. ಓಝೋನ್ ಬಿಡುವ ಮೆಷಿನ್ ಮಾತ್ರ ಉಬ್ಬಸದವರ ಹತ್ತಿರವೂ ಬೇಡ. ಓಝೋನ್ ಶ್ವಾಸನಾಳವನ್ನೇ ಕೆರಳಿಸುತ್ತದೆ.

ಹಾಸಿಗೆಯನ್ನು ಮರೆತು ಕಾರ್ಪೆಟ್ ಬೈಯಬೇಡಿ

ಕಾರ್ಪೆಟ್ ಎತ್ತಿದ ಮೇಲೆ ಮಗಳ ಕೆಮ್ಮು ಅರ್ಧದಷ್ಟು ತಗ್ಗಿತು, ಪೂರ್ತಿ ಹೋಗಲಿಲ್ಲ. ಉಳಿದರ್ಧ ಹಾಸಿಗೆಯಲ್ಲಿತ್ತು. ದಿನಕ್ಕೆ ಎಂಟೊಂಬತ್ತು ಗಂಟೆ ಮುಖ ಒತ್ತಿ ಮಲಗುವ ಜಾಗ ಅದು, ಅಲ್ವಾ? ಬೆವರು, ಬಿಸಿ, ಚರ್ಮದ ಹೊಟ್ಟು, ನುಸಿಗೆ ಬೇಕಾದದ್ದೆಲ್ಲ ಅಲ್ಲೇ ಇದೆ.

ದಿಂಬಿಗೆ, ಹಾಸಿಗೆಗೆ ಒತ್ತು ನೇಯ್ಗೆಯ, ಝಿಪ್ ಇರುವ ನುಸಿತಡೆ ಕವರ್ ಹಾಕಿದೆವು. ಮೇಲ್ಹಾಸು, ದಿಂಬಿನ ಚೀಲ, ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ನೀರಿನಲ್ಲಿ ಒಗೆಯುತ್ತೇವೆ. ತಣ್ಣೀರಿನಲ್ಲಿ ಒಗೆದರೆ ಹಿಕ್ಕೆ ಬಹುಪಾಲು ಹೋಗುತ್ತದೆ, ನುಸಿ ಸಾಯುವುದಿಲ್ಲ. ಮಗಳ ಗೊಂಬೆ ಆನೆಯನ್ನು ಬಿಸಿನೀರಿಗೆ ಹಾಕಲು ಅವಳು ಬಿಡಲಿಲ್ಲ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎರಡು ದಿನ ಫ್ರೀಜರಿನಲ್ಲಿಟ್ಟು, ಆಮೇಲೆ ತಣ್ಣೀರಿನಲ್ಲಿ ಜಾಲಿಸಿದೆವು. ಅಜ್ಜಿ ಹೊಲಿದ ಕೌದಿ ಮಾತ್ರ ಅವಳ ಕೋಣೆಯಿಂದ ಆಚೆ ಹೋಯಿತು. ಪದರ ಪದರವಾಗಿ ಹಳೇ ಸೀರೆ ಸೇರಿಸಿ ಹೊಲಿದದ್ದು, ಒಳಗಿನ ಪದರಕ್ಕೆ ಬಿಸಿನೀರು, ಬಿಸಿಲು ಎರಡೂ ಸರಿಯಾಗಿ ತಲುಪುವುದಿಲ್ಲ. ಅದನ್ನು ಎತ್ತಿಡುವಾಗ ನನಗೂ ಸಂಕಟವಾಯಿತು.

ಕವರ್ ಒಂದನ್ನೇ ಹಾಕಿ ಸುಮ್ಮನಿರಬೇಡಿ. ಬರೀ ಕವರ್ ಕೊಟ್ಟು ನಡೆಸಿದ ಪ್ರಯೋಗಗಳಲ್ಲಿ ದೊಡ್ಡವರ ಉಬ್ಬಸ ಅಷ್ಟೇನೂ ತಗ್ಗಿಲ್ಲ. ಕವರ್, ಬಿಸಿನೀರಿನ ಒಗೆತ, ಕೋಣೆಯ ತೇವ, ಕಾರ್ಪೆಟ್ ಇಷ್ಟನ್ನೂ ಒಟ್ಟಿಗೆ ಹಿಡಿಯಬೇಕು. ಫಲ ಕಾಣಲು ವಾರಗಳೇ ಬೇಕು. ಬೆಕ್ಕು ಮನೆ ಬಿಟ್ಟ ಮೇಲೆ ಅದರ ಕಣ ಪೂರ್ತಿ ತಗ್ಗಲು ತಿಂಗಳುಗಳೇ ಹಿಡಿಯುತ್ತವೆ. "ಮೂರು ದಿನ ಕಾರ್ಪೆಟ್ ತೆಗೆದೆ, ಏನೂ ಆಗಲಿಲ್ಲ" ಎಂದು ಕೈಬಿಟ್ಟವರ ಪರೀಕ್ಷೆ ಪರೀಕ್ಷೆಯೇ ಅಲ್ಲ.

ದೊಡ್ಡ ಖರ್ಚಿಗೆ ಮುಂಚೆ ಅಲರ್ಜಿ ಪರೀಕ್ಷೆ ಮಾಡಿಸಿ. ಮುಂದೋಳಿನ ಮೇಲೆ ಸಣ್ಣದಾಗಿ ಚುಚ್ಚಿ 15–20 ನಿಮಿಷ ಕಾಯುವ ಪರೀಕ್ಷೆ ಅದು. ಅಲರ್ಜಿ ಮಾತ್ರೆಗಳನ್ನು ಅದಕ್ಕೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಎಂದು ಡಾಕ್ಟರನ್ನೇ ಕೇಳಿ. ನುಸಿಗೆ ಅಲರ್ಜಿಯೇ ಇಲ್ಲ, ಜಿರಲೆಗೆ ಇದೆ ಎಂದು ಬಂದರೆ ಹಾಸಿಗೆ ಕವರಿನ ದುಡ್ಡು ಉಳಿಯಿತು.

ತೆಗೆಯಲಾಗದ ಕಾರ್ಪೆಟ್

ನನ್ನ ತಂಗಿ ಇರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಬಾಡಿಗೆ ಮನೆ, ಗೋಡೆಯಿಂದ ಗೋಡೆಗೆ ಅಂಟಿಸಿದ ಕಾರ್ಪೆಟ್. ಎತ್ತಿ ಬಿಸಿಲಿಗೆ ಹಾಕುವ ಮಾತೇ ಇಲ್ಲ. ಅವಳಿಗೆ ಉಬ್ಬಸ ಕೆದರುವುದು ಬೇಸಿಗೆಯ ಕೊನೆಯಲ್ಲಿ. ಅಲ್ಲಿ ಬೇಸಿಗೆಯ ಗಾಳಿಯೇ ತೇವ, ಚಳಿಗಾಲದಲ್ಲಿ ಹೀಟರ್ ಹಾಕಿ ಮನೆ ಒಣಗಿರುತ್ತದೆ. ಅವಳು ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಇಟ್ಟು ತೇವಾಂಶವನ್ನು ಬೇಸಿಗೆಯಲ್ಲೂ 50ರ ಒಳಗೆ ಹಿಡಿದಿದ್ದಾಳೆ, ಹೆಪಾ ವ್ಯಾಕ್ಯೂಮ್ ಎಳೆಯುತ್ತಾಳೆ. ನೀರಿನ ಕ್ಲೀನಿಂಗಿಗೆ ಜನ ಬಂದರೆ, ಅದೇ ದಿನ ಒಣಗಿಸುವ ಗಾಳಿಯಂತ್ರ ತರುತ್ತಾರೆಯೇ ಎಂದು ಮೊದಲೇ ಕೇಳುತ್ತಾಳೆ. ಹೊಸ ಕಾರ್ಪೆಟ್ ಹಾಕಿಸುವ ಮನೆಯಾದರೆ ಮೊದಲ ಮೂರು ದಿನ ಕಿಟಕಿ ತೆರೆದಿಟ್ಟು, ಉಬ್ಬಸದವರು ಬೇರೆ ಕಡೆ ಮಲಗುವುದು ಒಳ್ಳೆಯದು. ಅಂಟಿನ, ಹಿಂಬದಿ ರಬ್ಬರಿನ ವಾಸನೆ ಆ ದಿನಗಳಲ್ಲೇ ಜಾಸ್ತಿ.

ಈಗ ನಮ್ಮ ಮನೆಯಲ್ಲಿ

ಮಗಳ ಮಂಚದ ಪಕ್ಕ ಈಗ ನವಲಗುಂದದ ಹತ್ತಿ ಜಮಖಾನ ಇದೆ. ತೆಳ್ಳಗಿದೆ, ಹಿಂಬದಿ ಅನ್ನುವುದೇ ಇಲ್ಲ, ಎರಡೂ ಕಡೆ ಒಂದೇ. ಬೆಳಿಗ್ಗೆ ಎದ್ದ ಮೇಲೆ ಎತ್ತಿ ಕುರ್ಚಿಗೆ ಹಾಕುತ್ತೇವೆ. ಬಣ್ಣ ಬಿಡುತ್ತದೆ ಎಂದು ಬಿಸಿನೀರಿಗೆ ಹಾಕುವುದಿಲ್ಲ, ತಣ್ಣೀರಿನಲ್ಲಿ ಜಾಲಿಸಿ ಇಸ್ತ್ರಿ ಮಾಡುತ್ತೇವೆ. ಇಸ್ತ್ರಿಯ ಬಿಸಿಗೆ ನುಸಿ ಉಳಿಯುವುದಿಲ್ಲ.

ಹಳೇ ಕಾರ್ಪೆಟ್ ಬಿಸಾಡಲಿಲ್ಲ. ಯುಗಾದಿ ಮುಗಿದ ಮೇಲೆ ತಾರಸಿಯ ಬಿಸಿಲು ಕಾಯಿಸಿ, ಬಡಿದು, ಹಾಲಿನಲ್ಲಿ ಹಾಸುತ್ತೇವೆ. ಹಾಲಿನ ನೆಲದಲ್ಲಿ ಪ್ಲಾಸ್ಟಿಕ್ ಹಾಳೆಯ ಅಡಿ ಹನಿ ಕಟ್ಟಲಿಲ್ಲ. ಗೋಡೆಯ ಮೇಲೆ ಹೈಗ್ರೋಮೀಟರ್ ನೇತುಹಾಕಿದ್ದೇವೆ. ಅದು ಮೂರು ದಿನ ಸತತವಾಗಿ 60 ದಾಟಿದರೆ ಕಾರ್ಪೆಟ್ ಸುತ್ತಿ ಅಟ್ಟಕ್ಕೆ. ಹೋದ ವರ್ಷ ಜೂನ್ ಮೊದಲ ವಾರದಲ್ಲಿ ಸುತ್ತಿದೆವು. ಅಂಕಿ ನೋಡಿ "ಅಪ್ಪಾ, ಅರವತ್ತೆರಡು" ಎಂದು ಕೂಗಿದ್ದು ಮಗಳೇ.